ಕೊಸರಿಲ್ಲದ ಬಿಗಿ

ಕೊಸರಣ್ಣ ಮುಚ್ಚಿಟ್ಟ ಡಬ್ಬಿಯನ್ನು ತೆರೆಯಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಇದು ಹೊಗಳಿಕೆಯಲ್ಲ, ಅವನ ಮನೆಯವರ ದೂರು. ಸಕ್ಕರೆ ಡಬ್ಬಿ ತೆರೆಯಲು ಅವನ ಹೆಂಡತಿ ಚಮಚದ ಹಿಡಿಯನ್ನು ಮುಚ್ಚಳದ ಸಂದಿಗೆ ತೂರಿಸಬೇಕಾಗಿತ್ತು. ತಲೆಗೆಣ್ಣೆಯ ಬಾಟಲಿಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ತಿರುಗಿಸಬೇಕಾಗಿತ್ತು. ಬಚ್ಚಲಿನ ನಲ್ಲಿಗಳಂತೂ ಅವನ ಕೈಯ ಬಿಗಿ ತಾಳಲಾರದೆ ಒಳಗೊಳಗೇ ಸವೆದು, ಹಗಲೂ ರಾತ್ರಿ ತೊಟ್ಟಿಕ್ಕುತ್ತಿದ್ದವು.

“ಬರಬೇಕಾದಾಗ ಬರಲ್ಲ, ನಿಲ್ಲಬೇಕಾದಾಗ ನಿಲ್ಲಲ್ಲ. ಥೇಟ್ ನಮ್ಮ ಅಳಿಯನ ಮಾತು,” ಎಂದು ನಲ್ಲಿಯ ಕೆಳಗೆ ಚೊಂಬು ಇಡುತ್ತಾ ಅತ್ತೆ ಹೇಳುತ್ತಿದ್ದಳು.

ಅತ್ತೆ ಅಂದರೆ ಅವನ ಹೆಂಡತಿಯ ತಾಯಿ. ಬಹಳ ವರ್ಷ ಬಟ್ಟೆ ಹೊಲಿದು, ಕಣ್ಣು ಮಂಜಾದ ಮೇಲೆ ಮಗಳ ಮನೆಗೆ ಬಂದು ಸೇರಿದವಳು. ಹೊಲಿಗೆ ಬಿಟ್ಟಿದ್ದರೂ ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಎದುರಿಗೆ ಬಂದವರನ್ನೆಲ್ಲ ಮೊದಲು ಕಣ್ಣಿನಿಂದ, ಆಮೇಲೆ ನಾಲಿಗೆಯಿಂದ ಅಳೆಯುವುದು ಅವಳಿಗೆ ಉಳಿದಿದ್ದ ಕಸುಬು. ಅಳಿಯ ಯಾವತ್ತೂ ಅಳತೆಗೆ ಸರಿಹೋಗಿರಲಿಲ್ಲ.

ಕೊಸರಣ್ಣನಿಗೆ ಆ ಹೆಸರು ಬಂದದ್ದು ಅವನ ಸಿದ್ಧಾಂತದಿಂದ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅವನು ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಿದ್ದ. ಯಾವ ಬೋಲ್ಟನ್ನೇ ಆಗಲಿ, ಇನ್ನು ತಿರುಗುವುದಿಲ್ಲ ಅನ್ನುವಲ್ಲಿಗೆ ತಂದ ಮೇಲೆ ಒಮ್ಮೆ ಉಸಿರು ಬಿಗಿಹಿಡಿದು, ಪಾನ ಎನ್ನುವ ಸ್ಪ್ಯಾನರಿನ ಹಿಡಿಗೆ ಮೈಭಾರ ಹಾಕಿ, ‘ಹುಂ’ ಎಂದು ಇನ್ನೊಂದು ಎಳೆತ ಎಳೆಯುತ್ತಿದ್ದ.

“ಇದು ಕೊಸರು,” ಎಂದು ಗಿರಾಕಿಯ ಕಡೆ ತಿರುಗಿ ಹೇಳುತ್ತಿದ್ದ. “ಸೊಪ್ಪು ಮಾರೋವಳೂ ತೂಕ ಆದ್ಮೇಲೆ ಒಂದು ಹಿಡಿ ಜಾಸ್ತಿ ಹಾಕ್ತಾಳೆ. ನಾನು ಇಷ್ಟು ದೊಡ್ಡ ಮೆಕ್ಯಾನಿಕ್ಕು, ಹಾಕಬಾರದಾ? ಬಿಗಿ ಕಂಪನಿಯದು, ಕೊಸರು ನನ್ನದು.”

ಗಿರಾಕಿಗಳಿಗೆ ಅದು ಖುಷಿಯಾಗುತ್ತಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಲೋಕವಿದು. ಬಿಟ್ಟಿಯಾಗಿ ಸಿಕ್ಕಿದ್ದು ಬೋಲ್ಟಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಬೋಲ್ಟನ್ನು ಯಾರು ಕೇಳುತ್ತಾರೆ?

ಬೇರೆಯವರ ಎಂಜಿನ್‌ಗಳು ಕೆಟ್ಟರೆ ಅದಕ್ಕೆ ಕಾರಣ ಸದಾ ಸಿದ್ಧವಿತ್ತು. ಡ್ರೈವರು ಸರಿಯಿಲ್ಲ, ಎಣ್ಣೆ ಸರಿಯಿಲ್ಲ, ರಸ್ತೆ ಸರಿಯಿಲ್ಲ. ತೊಂದರೆ ಶುರುವಾದದ್ದು ಅವನ ಹೆಂಡತಿಯ ವ್ಯಾನಿನಿಂದ. ಅದಕ್ಕೆ ಡ್ರೈವರು ಅವಳೇ, ಎಣ್ಣೆ ಹಾಕಿದವನು ಅವನೇ.

ಹೆಂಡತಿಯನ್ನು ಬೀದಿಯ ಮಕ್ಕಳು ವ್ಯಾನಕ್ಕ ಎನ್ನುತ್ತಿದ್ದರು. ಅವರನ್ನೆಲ್ಲ ತುಂಬಿಕೊಂಡು ಊರಿನ ಮೇಲುಗಡೆಯ ಶಾಲೆಗೆ ಬಿಡುವುದು, ಕರೆತರುವುದು ಅವಳ ಕೆಲಸ. ಶಾಲೆಗೆ ಹೋಗುವ ದಾರಿಯ ಕೊನೆಯಲ್ಲಿ ಒಂದು ಏರು. ಏರಿನ ನಡುವೆ ವ್ಯಾನು ಮೊದಲ ಸಲ ಕುದಿದು ಹೊಗೆ ಬಿಟ್ಟಾಗ ಕೊಸರಣ್ಣ ಎಂಜಿನ್ನಿನ ಹೆಡ್ ಬಿಚ್ಚಿ ನೋಡಿ, “ಗ್ಯಾಸ್ಕೆಟ್ ಮಾಡಿದ ಕಂಪನಿಯವರಿಗೆ ಮಾನ ಇಲ್ಲ,” ಎಂದ. ಹೊಸ ಗ್ಯಾಸ್ಕೆಟ್ ಹಾಕಿ, ಕೊಸರು ಹಾಕಿ ಕಟ್ಟಿದ. ಕೆಲವು ತಿಂಗಳಿಗೆ ಅದೇ ಏರಿನಲ್ಲಿ ಅದೇ ಹೊಗೆ. ಆಗ ಅವನು ಏರನ್ನೇ ಬೈದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೊಸರಣ್ಣನ ಪಾಲಿಗೆ ನೆಲ ನಿಜಕ್ಕೂ ಡೊಂಕಾಗಿತ್ತು, ಅದೊಂದು ಅನುಕೂಲ.

ಮೂರನೆಯ ಸಲ ಕುದಿದದ್ದು ರಜೆ ಶುರುವಾಗುವ ಹಿಂದಿನ ದಿನ. ಮಕ್ಕಳು ಚೀಲ ಹೊತ್ತು ನಡೆದೇ ಏರು ಹತ್ತಿದರು. ಹತ್ತುವಾಗ ಒಬ್ಬಳು ಹೊಗೆಯಾಡುವ ವ್ಯಾನಿಗೆ ಕೈಬೀಸಿ, “ಅಂಕಲ್ ಕೊಸರು ಹಾಕಿದ್ದಾರೆ, ಅದಕ್ಕೇ ಆವಿ ಜಾಸ್ತಿ,” ಎಂದಳಂತೆ. ವ್ಯಾನಕ್ಕ ಮನೆಗೆ ಬಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಕೂಗಲಿಲ್ಲ. ಕೂಗಿದ್ದರೆ ಕೊಸರಣ್ಣನಿಗೆ ಸಮಾಧಾನವಾಗುತ್ತಿತ್ತು.

“ಶಾಲೆ ತೆರೆಯೋವರೆಗೆ ನಿಮಗೆ ಸಮಯ. ಈ ಸಲ ಕಟ್ಟಿದ್ದು ಕುದ್ದರೆ ವ್ಯಾನು ಎದುರು ಶೆಡ್ಡಿಗೆ ಹೋಗತ್ತೆ.”

“ಎದುರು ಶೆಡ್ಡಿಗಾ? ನನ್ನ ಹೆಂಡತಿ ವ್ಯಾನು?”

“ವ್ಯಾನು ನನ್ನದು. ಹೆಂಡತಿ ನಿಮ್ಮದು. ಎರಡನ್ನೂ ಕಲಸಬೇಡಿ.”

ಎದುರು ಶೆಡ್ಡಿನವನು ಒಂದು ಕಾಲದಲ್ಲಿ ಕೊಸರಣ್ಣನ ಕೈಕೆಳಗೇ ಪಳಗಿದವನು. ಈಗ ಬೀದಿಯ ಆ ಬದಿಯಲ್ಲಿ ಸ್ವಂತ ಶೆಡ್ಡು ಹಾಕಿ, ಇಲ್ಲಿಂದ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬೋರ್ಡು ತೂಗುಹಾಕಿದ್ದ: ‘ಇಲ್ಲಿ ಕಂಪ್ಯೂಟರ್ ಅಳತೆಯಲ್ಲಿ ಎಂಜಿನ್ ಕೆಲಸ ಮಾಡಲಾಗುವುದು.’ ಮೆಕ್ಯಾನಿಕ್ಕನ ಹೆಂಡತಿಯ ವ್ಯಾನೇ ಬೀದಿ ದಾಟಿ ಆ ಬೋರ್ಡಿನ ಕೆಳಗೆ ನಿಂತರೆ, ಆಮೇಲೆ ಕೊಸರಣ್ಣ ಶೆಡ್ಡಿನಲ್ಲಿ ತರಕಾರಿ ಮಾರಬಹುದಿತ್ತು. ಕೊಸರು ಹಾಕುವ ಅಭ್ಯಾಸ ಆಗಲೇ ಇತ್ತಲ್ಲ.

ಮಾರನೆಯ ದಿನ ಅವನು ಎಂಜಿನನ್ನು ಹೊರಗೆ ತೆಗೆದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ. ಸ್ಟ್ಯಾಂಡನ್ನು ಎಂದಿನಂತೆ ಗೋಡೆಗೆ ಒತ್ತಿ ಇಟ್ಟಿದ್ದ, ಯಾಕೆಂದರೆ ಹಾಗೆ ಇಟ್ಟರೆ ಕೆಲಸ ಮಾಡುವಾಗ ಅವನು ಬೀದಿಯವರಿಗೆ ಚೆನ್ನಾಗಿ ಕಾಣುತ್ತಿದ್ದ. ಹೆಡ್ ಎಂದರೆ ಎಂಜಿನ್ನಿನ ಮುಚ್ಚಳ. ಅದರ ಕೆಳಗೆ ಗ್ಯಾಸ್ಕೆಟ್ ಎನ್ನುವ ತೆಳ್ಳನೆಯ ಹಾಳೆ. ಒಳಗೆ ಬೆಂಕಿ, ಪಕ್ಕದಲ್ಲಿ ನೀರು, ಮಗ್ಗುಲಲ್ಲೇ ಎಣ್ಣೆ. ಮೂವರನ್ನೂ ಒಂದೇ ಮನೆಯಲ್ಲಿ ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗದಂತೆ ಇಡುವುದು ಆ ಹಾಳೆಯ ಕೆಲಸ. ಮುಚ್ಚಳ ಎಲ್ಲ ಕಡೆಯೂ ಸಮನಾಗಿ ಅದುಮಿದರೆ ಸಂಸಾರ ನಡೆಯುತ್ತದೆ. ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾದರೆ ಬೆಂಕಿ ನೀರಿನ ಮನೆಗೆ ಹೋಗುತ್ತದೆ. ಆಮೇಲೆ ಏರಿನಲ್ಲಿ ಹೊಗೆ.

ಹೆಡ್ಡನ್ನು ಹಿಡಿದಿದ್ದವು ಹತ್ತು ಬೋಲ್ಟುಗಳು. ಕೊಸರಣ್ಣ ಅವನ್ನು ಬಿಚ್ಚಿ ಬಿಚ್ಚಿ ಬೆಂಚಿನ ಮೇಲೆ ಎಸೆದ. ಅತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳಿಗೆ ಚೆಲ್ಲಾಪಿಲ್ಲಿ ಬಿದ್ದ ಯಾವುದನ್ನು ಕಂಡರೂ ಆಗದು. ಬೋಲ್ಟುಗಳನ್ನು ಬಿದ್ದ ಹಾಗೆಲ್ಲ ಒಂದೊಂದಾಗಿ ಸೀರೆಯ ಹಳೆಯ ತುಂಡಿನಲ್ಲಿ ಒರೆಸಿ, ತಲೆ ಕೆಳಗಾಗಿ, ಬಿಚ್ಚಿದ ಸಾಲಿನಲ್ಲೇ ನಿಲ್ಲಿಸಿದಳು. ಮುಂದಿನ ಸಾಲು ಒಂದು ಕಡೆ, ಗೋಡೆಯ ಕಡೆಯ ಸಾಲು ಇನ್ನೊಂದು ಕಡೆ. ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

“ಇವೆಲ್ಲ ಒಂದೇ ತಾಯಿ ಮಕ್ಕಳಾ?”

“ಏನತ್ತೆ?”

“ಈ ಸಾಲಿನವು ಉದ್ದ ಇವೆ. ಆ ಸಾಲಿನವು ಗಿಡ್ಡ.”

“ಬೋಲ್ಟು ಎಲ್ಲಾದ್ರೂ ಬೆಳೆಯತ್ತಾ? ನಿಮ್ಮ ಕಣ್ಣು ಮಂಜು.”

ಅತ್ತೆ ಮುಂದಕ್ಕೆ ಬಾಗಿದಳು. ಕೊರಳಿನ ಟೇಪು ತೆಗೆದು ಅಳೆದಳು. ಆಮೇಲೆ ಒಂದು ಅಡಿಪಟ್ಟಿಯನ್ನು ಎರಡು ಸಾಲಿನ ತುದಿಗಳ ಮೇಲೂ ಅಡ್ಡವಾಗಿ ಇಟ್ಟಳು. ಪಟ್ಟಿ ಗೋಡೆಯ ಸಾಲಿನ ಕಡೆಗೆ ವಾಲಿ ನಿಂತಿತು. ಮುಂದಿನ ಸಾಲಿನ ಎರಡು ಬೋಲ್ಟುಗಳಿಗೆ ನಡುವಿನಲ್ಲಿ ಕುತ್ತಿಗೆ ಬೇರೆ ಸಣ್ಣಗಾಗಿತ್ತು.

“ಎಳೆದೆಳೆದು ಹೊಲಿದ ಬಟ್ಟೆ ಹೀಗೇ ಆಗೋದು,” ಎಂದಳು. “ಹಿಗ್ಗತ್ತೆ. ಹಿಗ್ಗಿದ್ದು ಆಮೇಲೆ ಹಿಡಿಯಲ್ಲ. ಕೊಸರು ತಿನ್ನಿಸಿ ತಿನ್ನಿಸಿ ಬೆಳೆಸಿದ್ದೀಯಪ್ಪ ಮಕ್ಕಳನ್ನ. ಇನ್ನು ಶಾಲೆಗೆ ಸೇರಿಸೋದೊಂದು ಬಾಕಿ.”

ಕೊಸರಣ್ಣ ಬಾಯಿ ತೆರೆದ. ಕಂಪನಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪಟ್ಟಿ ಇನ್ನೂ ಅಲ್ಲೇ ವಾಲಿ ಕೂತಿತ್ತು. ಅವನು ನಿಲ್ಲುವುದು ಮುಂದಿನ ಸಾಲಿನ ಕಡೆ. ಅಲ್ಲಿ ಕಾಲೂರಿ, ಮೈಭಾರ ಹಾಕಿ, ಬೀದಿಯವರಿಗೆ ಕಾಣುವಂತೆ ‘ಹುಂ’ ಎನ್ನುತ್ತಿದ್ದ. ಗೋಡೆಯ ಸಾಲಿಗೆ ಕೈ ಚಾಚಿ ತೋಳಿನ ಬಲದಲ್ಲಷ್ಟೇ ಎಳೆಯುತ್ತಿದ್ದ. ಅಲ್ಲಿ ನೋಡುವವರು ಯಾರು, ಹಲ್ಲಿಯೊಂದನ್ನು ಬಿಟ್ಟರೆ? ಕೊಸರು ಕೊಡುವುದರಲ್ಲೂ ಅವನು ಮುಖ ನೋಡಿ ಮಣೆ ಹಾಕಿದ್ದ.

ಆ ದಿನ ಅವನು ಅತ್ತೆಗೆ ತಾನೇ ಟೀ ತಂದುಕೊಟ್ಟ. ಆಕೆ ಲೋಟವನ್ನು ಅನುಮಾನದಿಂದ ಮೂಸಿ ಕುಡಿದಳು.

ಹೊಸ ಬೋಲ್ಟುಗಳು ಬಂದವು. ಹೆಡ್ಡಿನ ತಳ ಸೊಟ್ಟಗಾಗಿದೆಯೇ ಎಂದು ಲೇತ್ ಯಂತ್ರದವನ ಹತ್ತಿರ ನೋಡಿಸಿ, ತುಸು ಉಜ್ಜಿಸಿ ತಂದದ್ದೂ ಆಯಿತು. ಹೊಸ ಗ್ಯಾಸ್ಕೆಟ್ಟಿನ ಪೊಟ್ಟಣದಲ್ಲಿ ಎಂದಿನಂತೆ ಒಂದು ಚೀಟಿಯಿತ್ತು. ಹಿಂದಿನ ಚೀಟಿಗಳನ್ನೆಲ್ಲ ಕೊಸರಣ್ಣ ಟೀ ಲೋಟದ ಕೆಳಗೆ ಇಡಲು ಬಳಸಿದ್ದ. ಈ ಸಲ ವ್ಯಾನಕ್ಕ ಅದನ್ನು ಅವನ ಕೈಗೆ ಸಿಗುವ ಮೊದಲೇ ತೆಗೆದು ಗೋಡೆಗೆ ಅಂಟಿಸಿದಳು.

ಚೀಟಿಯಲ್ಲಿ ಹೆಡ್ಡಿನ ಚಿತ್ರ, ಹತ್ತು ತೂತು, ತೂತಿಗೊಂದು ಅಂಕಿ. ಒಂದು ನಡುವಿನಲ್ಲಿತ್ತು, ಎರಡು ಅದರ ಎದುರಿಗೆ. ಹಾಗೇ ಸುತ್ತುತ್ತಾ ಬಸವನಹುಳುವಿನ ಚಿಪ್ಪಿನ ಹಾಗೆ ಹೊರಗೆ ಹೋಗಿ, ಕೊನೆಯ ಅಂಕಿಗಳು ನಾಲ್ಕು ಮೂಲೆಗೆ.

“ನಾನು ಈ ಕಡೆಯಿಂದ ಶುರು ಮಾಡಿ ಆ ಕಡೆ ಮುಗಿಸ್ತಿದ್ದೆ. ಸಾಲಾಗಿ. ಅದರಲ್ಲೇನು ತಪ್ಪು?” ಎಂದ ಕೊಸರಣ್ಣ.

“ಹಿಂದಿನ ಗಾಜಿಗೆ ‘ಮಕ್ಕಳಿದ್ದಾರೆ’ ಅಂತ ಸ್ಟಿಕರ್ ಅಂಟಿಸಿದ್ರಲ್ಲ, ನೆನಪಿದೆಯಾ?” ಎಂದಳು ವ್ಯಾನಕ್ಕ. “ಸುತ್ತ ಅಂಚು ಒತ್ತಿ ಆಮೇಲೆ ನಡುವೆ ಒತ್ತಿದ್ರಿ. ಈಗ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ನಾನು ಇನ್ನೊಂದು ಅಂಟಿಸಿದೆ. ನಡುವೆ ಒತ್ತಿ, ಹೊರಗೆ ಸವರಿಕೊಂಡು ಬಂದೆ. ಅದು ಹೇಗಿದೆ?”

ಅದು ಗಾಜಿಗೆ ಹುಟ್ಟಿದ್ದೇ ಅನ್ನುವ ಹಾಗಿತ್ತು. ಕೊಸರಣ್ಣ ಅದನ್ನು ಒಪ್ಪಿಕೊಳ್ಳದೆ, “ಸರಿ, ಹಾಗೇ ಮಾಡೋಣ, ನಿನ್ನ ಸಮಾಧಾನಕ್ಕೆ,” ಎಂದ.

“ಇನ್ನೊಂದಿದೆ ನನ್ನ ಸಮಾಧಾನಕ್ಕೆ. ಅಣ್ಣ ಕೊಟ್ಟ ಪಾನ.”

ಕೊಸರಣ್ಣನ ಮುಖ ಬಿಗಿಯಾಯಿತು. ಅವಳ ಅಣ್ಣ, ಅಂದರೆ ಅವನ ಭಾವ, ಯಂತ್ರಗಳ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುವವನು. ವರ್ಷಗಳ ಹಿಂದೆ ಬಂದಾಗ ಟಾರ್ಕ್ ಪಾನವೊಂದನ್ನು ತಂದುಕೊಟ್ಟಿದ್ದ. ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಗೆ ಇಟ್ಟರೆ, ಬಿಗಿ ಅಷ್ಟಾದ ಕೂಡಲೇ ಅದು ‘ಟಕ್’ ಎನ್ನುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಕೈ ನಿಲ್ಲಿಸು ಎಂದು ಹೇಳುವ ಸಾಮಾನು, ಅದೂ ಹೆಂಡತಿಯ ತವರಿನಿಂದ! ಕೊಸರಣ್ಣ ಅದನ್ನು ಬಳಸಿದರೆ ಉಂಟೇ? ಬಿಸಾಡುವ ಹಾಗೂ ಇರಲಿಲ್ಲ. ಆದ್ದರಿಂದ ಅದಕ್ಕೆ ಮನೆಯ ಒಳಗೆ ಗಾಜಿನ ಬೀರುವಿನಲ್ಲಿ, ಗೊಂಬೆಗಳ ನಡುವೆ, ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಮುಚ್ಚಳ ತೆರೆದು ಜಾಗ ಕೊಟ್ಟಿದ್ದ. ಬಂದವರು “ಏನಿದು?” ಎಂದರೆ, “ಇದಾ? ಕೈ ಬಾರದವರು ಬಳಸೋದು,” ಎನ್ನುತ್ತಿದ್ದ.

ಈಗ ಅದು ಬೀರುವಿನಿಂದ ಇಳಿದು ಶೆಡ್ಡಿಗೆ ಬಂತು. ಶಾಲೆ ತೆರೆಯಲು ಇನ್ನು ಒಂದೇ ದಿನ ಉಳಿದಿತ್ತು.

ಬೆಳಗ್ಗೆ ಕೊಸರಣ್ಣ ಕೆಲಸಕ್ಕೆ ನಿಂತ. ಸ್ಟ್ಯಾಂಡನ್ನು ಗೋಡೆಯಿಂದ ಎಳೆದು, ಸುತ್ತಲೂ ಓಡಾಡುವಂತೆ ನಡುವೆ ಇಟ್ಟ. ಬೋಲ್ಟಿನ ತೂತುಗಳನ್ನು ಬಟ್ಟೆಯ ಬತ್ತಿ ಮಾಡಿ ಒಳಗಿನವರೆಗೂ ಒರೆಸಿದ. ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ಇಳಿಯಲು ಜಾಗವಿಲ್ಲದೆ ಬಿಗಿ ಸುಳ್ಳಾಗುತ್ತದೆ, ಕೆಲವೊಮ್ಮೆ ಕಬ್ಬಿಣವೇ ಸೀಳುತ್ತದೆ. ಬೋಲ್ಟಿನ ಮೈಯ ಸುರುಳಿ ಮರೆಗಳಿಗೆ ಮಾತ್ರ ಬೆರಳ ತುದಿಯಿಂದ ತೆಳುವಾಗಿ ಎಣ್ಣೆ ಸವರಿದ. ಇದೆಲ್ಲ ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದದ್ದನ್ನು ಮಾಡುವುದು ಕೈಗುಣಕ್ಕೆ ಅವಮಾನ ಎಂದು ಬಿಟ್ಟಿದ್ದ, ಅಷ್ಟೆ.

ಗ್ಯಾಸ್ಕೆಟ್ ಕೂರಿಸಿ, ಹೆಡ್ ಇಳಿಸಿ, ಹತ್ತೂ ಬೋಲ್ಟುಗಳನ್ನು ಕೈಯಿಂದಲೇ ತಿರುಗಿಸಿ ನಿಲ್ಲಿಸಿದ. ವ್ಯಾನಕ್ಕ ಚೀಟಿ ನೋಡಿ ಅಂಕಿ ಕೂಗಿದಳು. ಬಿಗಿ ಒಂದೇ ಏಟಿಗೆ ಅಲ್ಲ, ಮೂರು ಸುತ್ತಿನಲ್ಲಿ: ಮೊದಲ ಸುತ್ತು ಮೂರರ ಅಂಕಿಗೆ, ಎರಡನೆಯದು ಆರಕ್ಕೆ, ಕೊನೆಯದು ಹತ್ತಕ್ಕೆ.

“ಒಂದು.”

ಟಕ್.

“ಎರಡು. ಎದುರುಗಡೆಯದು. ಅದಲ್ಲ, ಅದರ ಪಕ್ಕದ್ದು.”

ಟಕ್.

ಪ್ರತಿ ‘ಟಕ್’ಗೂ ಕೊಸರಣ್ಣನ ಕೈ ಇನ್ನೊಂದು ಎಳೆತಕ್ಕೆ ಚಾಚುತ್ತಿತ್ತು. ಪ್ರತಿ ಸಲವೂ ಅತ್ತೆ ಕುರ್ಚಿಯಿಂದ “ಕೈ,” ಎನ್ನುತ್ತಿದ್ದಳು. ಚಕ್ಕುಲಿಯ ಡಬ್ಬಿಗೆ ಕೈ ಹಾಕಿದ ಮಗುವಿಗೆ ಹೇಳುವ ಹಾಗೆ. ಕೊಸರಣ್ಣ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಿನ ಬೋಲ್ಟಿಗೆ ಹೋಗುತ್ತಿದ್ದ.

ಎರಡು ಸುತ್ತು ಹೀಗೆ ಮುಗಿಯಿತು. ಮೂರನೆಯ ಸುತ್ತಿಗೆ ಹಿಡಿಯನ್ನು ಹತ್ತಕ್ಕೆ ತಿರುಗಿಸಿ, ನಡುವಿನ ಬೋಲ್ಟಿಗೆ ಇಟ್ಟು ಎಳೆದ. ಟಕ್ ಎಂದಿತು.

ಅವನು ಹಾಗೇ ನಿಂತುಬಿಟ್ಟ. ಕೈಗೆ ಏನೋ ಸರಿಯೆನಿಸಲಿಲ್ಲ. ಬಿಗಿ ಬಂದಿಲ್ಲ, ಬೇಗ ಟಕ್ ಎಂದಿದೆ. ಇದು ಕೊಸರಿನ ಚಪಲವೇ ಎಂದು ತನ್ನನ್ನೇ ಕೇಳಿಕೊಂಡ. ಅಲ್ಲ. ಚಪಲ ತೋಳಿನಲ್ಲಿರುತ್ತದೆ, ಇದು ಅಂಗೈಯಲ್ಲಿ ಇತ್ತು. ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳಿದ ಕೈ ಮೊದಲ ಸಲ ನಿಜ ಹೇಳುತ್ತಿತ್ತು, ನಂಬುವವರು ಮಾತ್ರ ಯಾರೂ ಉಳಿದಿರಲಿಲ್ಲ.

ಆಗ ಅವನ ಕಣ್ಣು ನೀಲಿ ಪೆಟ್ಟಿಗೆಯ ಮೇಲೆ ಬಿತ್ತು.

ಬೀರುವಿನಲ್ಲಿ ಇಡುವಾಗ ಅವನು ಪಾನದ ಹಿಡಿಯನ್ನು ಕೊನೆಯ ಅಂಕಿಯವರೆಗೂ ತಿರುಗಿಸಿ ಇಟ್ಟಿದ್ದ. ಬಂದವರ ಕಣ್ಣಿಗೆ ದೊಡ್ಡ ಅಂಕಿ ಕಾಣಲಿ ಎಂದು. ಭಾವ ಕೊಡುವಾಗಲೇ ಹೇಳಿದ್ದ, “ಕೆಲಸ ಆದ್ಮೇಲೆ ಕೆಳಗಿನ ಅಂಕಿಗೆ ಸಡಿಲ ಮಾಡಿಡು, ಇಲ್ಲಾಂದ್ರೆ ಒಳಗಿನ ಸ್ಪ್ರಿಂಗು ಸೋತುಹೋಗತ್ತೆ,” ಎಂದು. ಭಾವನ ಮಾತನ್ನು ಕೇಳಿಸಿಕೊಳ್ಳುವುದುಂಟು, ಕೇಳುವುದುಂಟೇ? ಪಾಪ, ಆ ಸ್ಪ್ರಿಂಗು ಗೊಂಬೆಗಳ ನಡುವೆ ಎದೆಯುಬ್ಬಿಸಿ ವರ್ಷಗಟ್ಟಲೆ ಉಸಿರು ಬಿಗಿಹಿಡಿದು ನಿಂತಿತ್ತು, ಅವನ ಮರ್ಯಾದೆಗಾಗಿ.

“ಯಾಕೆ ನಿಂತ್ರಿ?” ಎಂದಳು ವ್ಯಾನಕ್ಕ.

ಹೇಳದೆ ಇರಬಹುದಿತ್ತು. ಪಾನ ಟಕ್ ಎಂದಿದೆ, ಇಬ್ಬರು ಸಾಕ್ಷಿಗಳು ಕೇಳಿಸಿಕೊಂಡಿದ್ದಾರೆ. ಹೀಗೇ ಮುಗಿಸಿದರೆ, ಏರಿನಲ್ಲಿ ಕುದಿದರೂ ತಪ್ಪು ಭಾವನ ಪಾನದ ಮೇಲೆ ಹೋಗುತ್ತದೆ. ಇಂಥ ಒಳ್ಳೆಯ ನೆಪ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವನು ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ತಿರುವಿ ನೋಡಿದ. ಆದರೆ ನೆಪ ಎಷ್ಟೇ ಚೆನ್ನಾಗಿದ್ದರೂ ವ್ಯಾನು ಬೀದಿ ದಾಟುತ್ತದೆ. ಮಕ್ಕಳು ಮತ್ತೆ ಚೀಲ ಹೊತ್ತು ಏರು ಹತ್ತುತ್ತಾರೆ. ಇವಳು ಮತ್ತೆ ಕೂಗದೆ ಬೀಗದ ಕೈ ಮೇಜಿನ ಮೇಲೆ ಇಡುತ್ತಾಳೆ.

“ಪಾನ ಸುಳ್ಳು ಹೇಳ್ತಿದೆ,” ಎಂದ.

“ಪಾನಾನಾ?” ಅತ್ತೆ ನಕ್ಕಳು. “ಕಂಪನಿ ಆಯ್ತು, ಏರು ಆಯ್ತು, ಈಗ ನನ್ನ ಮಗನ ಸರದಿ.”

“ಇಲ್ಲ ಅತ್ತೆ. ತಪ್ಪು ನನ್ನದು.”

ಅತ್ತೆಯ ಟೇಪು ಕೈಯಿಂದ ಜಾರಿತು. ಅಳಿಯನ ಬಾಯಿಂದ ಆ ಎರಡು ಮಾತು ಹೊರಟದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕೊಸರಣ್ಣ ಬೀರು, ದೊಡ್ಡ ಅಂಕಿ, ಸ್ಪ್ರಿಂಗು ಎಲ್ಲವನ್ನೂ ನೆಲ ನೋಡುತ್ತಾ ಹೇಳಿದ. ವ್ಯಾನಕ್ಕ ಬಯ್ಯಲಿಲ್ಲ.

“ಎಷ್ಟು ಸುಳ್ಳು ಹೇಳ್ತಿದೆ?” ಎಂದು ಮಾತ್ರ ಕೇಳಿದಳು.

“ಅದೇ ಗೊತ್ತಾಗ್ತಿಲ್ಲ. ಕಡಿಮೆ ಅಂತ ಕೈ ಹೇಳತ್ತೆ. ಎಷ್ಟು ಕಡಿಮೆ ಅಂತ ಹೇಳೋಕೆ ನನ್ನ ಕೈಗೆ ಬರಲ್ಲ.”

ಇದನ್ನು ಹೇಳಿದ ಮೇಲೆ ಅವನಿಗೆ ಇನ್ನೊಂದು ಕೆಲಸವೂ ಸುಲಭವಾಯಿತು. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಅವನು ಕೈ ಒರೆಸಿಕೊಂಡು ಬೀದಿ ದಾಟಿದ. ಇಷ್ಟಗಲದ ಬೀದಿ, ಅಂದು ದಾಟುವಾಗ ಮಾತ್ರ ಇಡೀ ಊರು ಕಿಟಕಿಯಲ್ಲಿ ನಿಂತಿದೆ ಅನಿಸಿತು. ನಿಜಕ್ಕೂ ನಿಂತಿದ್ದದ್ದು ಒಂದು ಬೆಕ್ಕು.

ಎದುರು ಶೆಡ್ಡಿನವನು ಕೂತಲ್ಲಿಂದ ಎದ್ದು ನಿಂತ. “ಅಣ್ಣಾ! ನೀವಾ? ಯಾರಾದ್ರೂ ಹೋಗ್ಬಿಟ್ರಾ?”

“ಯಾರೂ ಹೋಗಿಲ್ಲ. ನಿನ್ನ ಟಾರ್ಕ್ ಪಾನ ಒಂದು ಗಳಿಗೆ ಕೊಡು.”

ಎದುರು ಶೆಡ್ಡಿನವನು ಬೀದಿಯ ಎರಡೂ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿದ. “ನನ್ನ ಹತ್ರ ಎಲ್ಲಿಂದ ಬರಬೇಕು ಅಣ್ಣಾ?”

“ಮತ್ತೆ ಬೋರ್ಡು? ಕಂಪ್ಯೂಟರು?”

“ಇದೆಯಲ್ಲ. ಅದರಲ್ಲಿ ಬಿಲ್ಲು ಬರೀತೀನಿ.”

“ಬೋಲ್ಟು?”

“ಬೋಲ್ಟು ನೀವು ಕಲಿಸಿದ ಹಾಗೇನೇ.” ಅವನು ಕಾಲೂರಿ, ಗಾಳಿಯಲ್ಲಿ ಪಾನ ಹಿಡಿದಂತೆ ಮಾಡಿ, ‘ಹುಂ’ ಎಂದು ಎಳೆದು ತೋರಿಸಿದ. “ಗುರು ಮಾತು ಮೀರೋಕಾಗತ್ತಾ?”

ಕೊಸರಣ್ಣ ತಾನು ಇಷ್ಟು ದಿನ ನಿದ್ದೆಗೆಟ್ಟು ಹೆದರಿದ ಶೆಡ್ಡನ್ನು ಒಮ್ಮೆ ಸುತ್ತ ನೋಡಿದ. ಅಲ್ಲೂ ಎಂಜಿನ್ ಸ್ಟ್ಯಾಂಡು ಗೋಡೆಗೇ ಒತ್ತಿಕೊಂಡಿತ್ತು. “ಆ ಸ್ಟ್ಯಾಂಡನ್ನ ಮೊದಲು ಈಚೆ ಎಳಿ,” ಎಂದಷ್ಟೇ ಹೇಳಿ ವಾಪಸು ಬಂದ.

ಅವನು ಬರುವಷ್ಟರಲ್ಲಿ ತಾಯಿ ಮಗಳು ಏನೋ ಲೆಕ್ಕ ಹಾಕುತ್ತಿದ್ದರು. ವ್ಯಾನಕ್ಕ ಕೇಳಿದಳು, “ಹತ್ತು ಅಂದ್ರೆ ಏನ್ರೀ? ಹತ್ತು ಏನು?”

“ಒಂದು ಮೀಟರ್ ಉದ್ದದ ಹಿಡಿ ತುದಿಗೆ ಹತ್ತು ಕಿಲೋ ನೇತುಹಾಕಿದಷ್ಟು ಬಲ.”

“ಹಿಡಿ ಅರ್ಧ ಮೀಟರ್ ಇದ್ರೆ?”

“ಇಪ್ಪತ್ತು ಕಿಲೋ.”

“ಕುಡಿಯೋ ನೀರಿನ ಕ್ಯಾನು ಇಪ್ಪತ್ತು ಲೀಟರು. ನೀರು ಲೀಟರಿಗೆ ಒಂದು ಕಿಲೋ. ಪಾನ ಸುಳ್ಳು ಹೇಳಬಹುದು, ನಿಮ್ಮ ಕೈ ಹೇಳಬಹುದು, ನೀರು ಯಾಕೆ ಹೇಳತ್ತೆ?”

ಕೊಸರಣ್ಣ ಅವಳ ಮುಖ ನೋಡಿದ. ಇಷ್ಟು ವರ್ಷ ಆ ಕ್ಯಾನನ್ನು ದಿನಾ ಹೊತ್ತು ತಂದವನು ಅವನೇ.

ಬೆಂಚಿಗೆ ಹಾಕಿದ್ದ, ಸಾಮಾನು ಕಚ್ಚಿ ಹಿಡಿಯುವ ವೈಸಿನ ದವಡೆಗೆ ಪಾನದ ತಲೆಯನ್ನು ಕಚ್ಚಿಸಿ, ಹಿಡಿ ನೆಲಕ್ಕೆ ಸಮನಾಗಿ ಹೊರಗೆ ಚಾಚುವಂತೆ ನಿಲ್ಲಿಸಿದರು. ಅತ್ತೆ ಟೇಪು ಹಿಡಿದು, ತಲೆಯ ನಡುವಿನಿಂದ ಅರ್ಧ ಮೀಟರು ಅಳೆದು, ಹಿಡಿಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದಳು. ಗೆರೆಯ ಮೇಲೆ ಹಗ್ಗದಿಂದ ಖಾಲಿ ಕ್ಯಾನು ನೇತುಬಿತ್ತು.

“ಕ್ಯಾನಿನದ್ದೂ ಒಂದಿಷ್ಟು ತೂಕ ಇರತ್ತೆ,” ಎಂದಳು ಅತ್ತೆ. “ಅದಕ್ಕೊಂದು ಚೊಂಬು ನೀರು ಕಡಿಮೆ ಹಾಕಿ. ಹೊಲಿಗೆಯ ಅಂಚನ್ನ ಲೆಕ್ಕದಿಂದ ಬಿಡಬೇಡಿ.”

ಪಾನವನ್ನು ಹತ್ತಕ್ಕೆ ಇಟ್ಟು, ವ್ಯಾನಕ್ಕ ಚೊಂಬಿನಿಂದ ನೀರು ಸುರಿಯತೊಡಗಿದಳು. ಕೊಸರಣ್ಣ ಹಿಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕ್ಯಾನು ಕಾಲುಭಾಗ ಖಾಲಿ ಇರುವಾಗಲೇ ಪಾನ ಟಕ್ ಎಂದು ತಲೆ ಬಾಗಿಸಿತು.

“ನೋಡಿದ್ಯಾ!” ಎಂದು ಕೊಸರಣ್ಣ ಎದ್ದು ನಿಂತ. “ನನ್ನ ಕೈ ಹೇಳಿರಲಿಲ್ವಾ?”

“ಹೇಳಿತ್ತು,” ಎಂದಳು ವ್ಯಾನಕ್ಕ. “ಅದನ್ನ ಕೆಡಿಸಿದ್ದೂ ಅದೇ ಕೈ. ಕೂತ್ಕೊಳ್ಳಿ.”

ಕೂತ. ಅಂಕಿಯನ್ನು ಸ್ವಲ್ಪ ಏರಿಸಿದರು, ಮತ್ತೆ ಸುರಿದರು, ಮತ್ತೆ ಟಕ್. ಶೆಡ್ಡಿನ ನೆಲವೆಲ್ಲ ಒದ್ದೆಯಾಯಿತು. ಈ ನಡುವೆ ಎದುರು ಶೆಡ್ಡಿನವನು ಬೀದಿ ದಾಟಿ ಬಂದು ಕೈಕಟ್ಟಿ ನಿಂತಿದ್ದ. “ಏನಕ್ಕಾ, ಪಾನಕ್ಕೆ ಸ್ನಾನನಾ?” ಎಂದ.

“ಬಾಯಿ ಮುಚ್ಕೊಂಡು ನೋಡು, ನಿನಗೂ ಬೇಕಾಗತ್ತೆ,” ಎಂದಳು ಅತ್ತೆ. ಅವನು ಮುಚ್ಚಿಕೊಂಡು ನೋಡಿದ.

ಕೊನೆಗೆ ಹದಿಮೂರರ ಗೆರೆ ದಾಟಿ ಒಂದಿಷ್ಟು ಮುಂದಕ್ಕೆ ಇಟ್ಟಾಗ ಪಾನ ಪೂರ್ತಿ ಭಾರವನ್ನು ತಾಳಿಕೊಂಡಿತು. ವ್ಯಾನಕ್ಕ ಮೇಲೊಂದು ಲೋಟ ನೀರು ಸುರಿದಳು. ಟಕ್. ಆ ಲೋಟದಷ್ಟು ನೀರು ತೆಗೆದು ಮತ್ತೆ ಮಾಡಿದರು. ಲೋಟವಿಲ್ಲದೆ ಸುಮ್ಮನೆ ನಿಂತಿತು, ಲೋಟದ ನೀರು ಬಿದ್ದೊಡನೆ ಟಕ್ ಎಂದಿತು. ಸುಳ್ಳುಗಾರನಾದರೂ ಒಂದೇ ಸುಳ್ಳನ್ನು ಪ್ರತಿ ಸಲವೂ ಹೇಳುವ ಸುಳ್ಳುಗಾರ, ಅಂಥವನೊಡನೆ ಬಾಳಬಹುದು. ವ್ಯಾನಕ್ಕನಿಗೆ ಅದರ ಅಭ್ಯಾಸವಿತ್ತು.

ಅತ್ತೆ ಅಲ್ಲಿಗೊಂದು ಸುಣ್ಣದ ಗುರುತು ಹಾಕಿದಳು. ಹಿಂದಿನ ಎರಡು ಸುತ್ತೂ ಕಡಿಮೆಯೇ ಬಿದ್ದಿರಬೇಕು. ಆದರೆ ಹತ್ತು ಬೋಲ್ಟಿಗೂ ಸಮನಾಗಿ ಕಡಿಮೆ, ಹೆಡ್ಡು ವಾಲದೆ ಕೂತಿದೆ, ಹಾಗಾಗಿ ಚಿಂತೆಯಿಲ್ಲ ಎಂದು ಕೊಸರಣ್ಣ ವಿವರಿಸಿದ. ಮತ್ತೆ ನಡುವಿನಿಂದ ಶುರು. ಒಂದು, ಎರಡು, ಮೂರು. ಈ ಸಲ ಟಕ್ ಎಂದಾಗ ಅಂಗೈ ಸುಮ್ಮನಿತ್ತು. ಒಪ್ಪಿಗೆಯಾದಾಗ ಅವನ ಅಂಗೈ ಹೀಗೆ ಸುಮ್ಮನಿರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ, ಯಾಕೆಂದರೆ ಅದನ್ನು ಸುಮ್ಮನಿರಲು ಅವನು ಬಿಟ್ಟಿದ್ದೇ ಇಲ್ಲ.

ಹತ್ತನೆಯದು ಮೂಲೆಯ ಬೋಲ್ಟು. ಟಕ್. ಮುಗಿಯಿತು. ಕೊಸರಣ್ಣನ ಕಾಲು ತಾನಾಗಿ ಅಗಲಿತು, ಉಸಿರು ಒಳಗೆ ಹೋಯಿತು. ಬೀದಿಯಲ್ಲಿ ಯಾರೋ ನಡೆದು ಹೋಗುತ್ತಾ ಶೆಡ್ಡಿನ ಕಡೆ ನೋಡಿದರು. ಅತ್ತೆ ಈ ಸಲ “ಕೈ” ಎನ್ನಲಿಲ್ಲ. ವ್ಯಾನಕ್ಕನೂ ಏನೂ ಹೇಳಲಿಲ್ಲ. ಹೇಳಿ ನಿಲ್ಲಿಸಿದರೆ ಅದು ಅವರ ಬಿಗಿಯಾಗುತ್ತದೆ.

ಕೊಸರಣ್ಣ ಉಸಿರು ಬಿಟ್ಟ. ಬೋಲ್ಟಿನಿಂದ ಪಾನ ತೆಗೆದ. ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತಾ ತಿರುಗಿಸುತ್ತಾ ಕೆಳಗಿನ ಅಂಕಿಗೆ ತಂದು, ಸಡಿಲ ಮಾಡಿ ಪೆಟ್ಟಿಗೆಯಲ್ಲಿ ಮಲಗಿಸಿದ.

“ಅಷ್ಟೇನಾ ಅಣ್ಣಾ?” ಎಂದ ಎದುರು ಶೆಡ್ಡಿನವನು, ಪಾಪ, ನಿಜವಾಗಿಯೂ ನಿರಾಸೆಯಿಂದ. “ಕೊಸರು?”

“ಅಂಗಡಿ ಮುಚ್ಚಿದೆ,” ಎಂದ ಕೊಸರಣ್ಣ.

ಸಂಜೆಯೊಳಗೆ ಎಂಜಿನ್ ವ್ಯಾನಿನೊಳಗೆ ಕೂತು, ಹೊಗೆಯಿಲ್ಲದೆ ಗುಣುಗುಟ್ಟಿತು. ಮರುದಿನ ಬೆಳಗ್ಗೆ ವ್ಯಾನಕ್ಕ ಮಕ್ಕಳನ್ನು ಹತ್ತಿಸಿಕೊಂಡಳು. ಕೊಸರಣ್ಣ ಹಿಂದೆ, ಒಂದನೆಯ ತರಗತಿಯವಳ ಪಕ್ಕದಲ್ಲಿ, ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಕೂತ. ಮುಂದಿನ ಸೀಟಿನಲ್ಲಿ ಕೂರಲು ಅವನಿಗೆ ಧೈರ್ಯವಿರಲಿಲ್ಲ. ಅಲ್ಲಿಂದ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕಾಣುತ್ತಿತ್ತು.

“ಅಂಕಲ್, ಇವತ್ತೂ ನಡೀಬೇಕಾ?” ಎಂದು ಆ ಮಗು ಕೇಳಿತು. “ನಡೆಯೋದಾದ್ರೆ ಈಗಲೇ ಹೇಳಿ, ಶೂ ಲೇಸು ಕಟ್ಕೋತೀನಿ.”

“ಕಟ್ಟಿಕೊಂಡಿರು,” ಎಂದ ಕೊಸರಣ್ಣ. ಆಮೇಲೆ, “ಜಾಸ್ತಿ ಬಿಗಿ ಬೇಡ,” ಎಂದು ಸೇರಿಸಿದ.

ಏರು ಬಂತು. ವ್ಯಾನಕ್ಕ ಗೇರು ಇಳಿಸಿದಳು. ಎಂಜಿನ್ನಿನ ದನಿ ದಪ್ಪವಾಯಿತು. ಎಂದಿನ ಜಾಗ, ಮಕ್ಕಳೇ ‘ಹೊಗೆ ಸ್ಟಾಪು’ ಎಂದು ಹೆಸರಿಟ್ಟ ತಿರುವು, ಹತ್ತಿರ ಬಂತು. ಕೊಸರಣ್ಣ ಕಣ್ಣು ಮುಚ್ಚಿ ಅಂಗೈಯನ್ನು ನೆಲದ ತಗಡಿನ ಮೇಲೆ ಇಟ್ಟ. ತಗಡು ಒಂದೇ ಸಮನೆ ನಡುಗುತ್ತಿತ್ತು, ನಿದ್ದೆಯಲ್ಲಿರುವ ಬೆಕ್ಕಿನ ಹೊಟ್ಟೆಯ ಹಾಗೆ. ತಿರುವು ಹಿಂದೆ ಸರಿಯಿತು. ಶಾಲೆಯ ಗೇಟು ಕಂಡಿತು. ಮಕ್ಕಳು ಇಳಿದು ಓಡಿದರು. ಒಬ್ಬಿಬ್ಬರ ಮುಖದಲ್ಲಿ ತುಸು ಬೇಸರವೂ ಇತ್ತು, ಮೊದಲ ಪಿರಿಯಡ್ಡು ತಪ್ಪಲಿಲ್ಲವಲ್ಲ ಎಂದು.

ಖಾಲಿ ವ್ಯಾನಿನಲ್ಲಿ ವ್ಯಾನಕ್ಕ ಕನ್ನಡಿಯಲ್ಲಿ ಗಂಡನನ್ನು ನೋಡಿದಳು. ಮುಳ್ಳು ನಡುವಿನಲ್ಲಿ ಅಲ್ಲಾಡದೆ ನಿಂತಿತ್ತು. ಅವನು ಹೊಗಳಿಕೆಗೆ ಕಾದ. ಅವಳು ಪಕ್ಕದಲ್ಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಸೆರಗು ಸುತ್ತಿ ತಿರುಗಿಸಿದಳು.

“ಬೆಳಗ್ಗೆ ಇದನ್ನ ತುಂಬಿ ಮುಚ್ಚಿದ್ದು ಯಾರು?”

ಕೊಸರಣ್ಣ ಕಿಟಕಿಯ ಹೊರಗೆ ನೋಡಿದ.

ಅವಳು ಬಾಟಲಿಯನ್ನು ಹಿಂದಕ್ಕೆ ಚಾಚಿದಳು. ನಗು ತಡೆದದ್ದರಿಂದ ತೋಳು ಸ್ವಲ್ಪ ಅಲುಗುತ್ತಿತ್ತು. “ವ್ಯಾನು ನಮ್ಮ ಶೆಡ್ಡಲ್ಲೇ ಇರಲಿ. ಇದನ್ನ ಬೇಕಾದ್ರೆ ಎದುರು ಶೆಡ್ಡಿಗೆ ತಗೊಂಡು ಹೋಗ್ತೀನಿ. ತೆಗೀರಿ.”

ಅವನು ತೊಡೆಯ ನಡುವೆ ಬಾಟಲಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ‘ಹುಂ’ ಎಂದ. ಮುಚ್ಚಳ ಅಲ್ಲಾಡಲಿಲ್ಲ.